ಹಗ್ಗ ಹಿಡಿದವನು ಏನಾಗಬೇಕು

ಆಲದ ಮರ ದಾಟಿದರೆ ಪಾಳು ಬಾವಿ. ಬಾವಿ ದಾಟಿದರೆ ಹೆಜ್ಜೇನು ಬಂಡೆ. ಕೂಟಗಲ್ ಕಡೆ ನಮ್ಮೂರಿಗೆ ರಾತ್ರಿ ಹೊತ್ತು ನಡೆದು ಬರೋರಿಗೆ ಬೇರೆ ದಾರಿ ಇಲ್ಲ.

ದೀಪು ಅವತ್ತು ಅದೇ ದಾರೀಲಿ ಬರ್ತಿದ್ದ. ಒಬ್ಬನೇ. ಬಿಡದಿ ಕಾರ್ಖಾನೆಯ ಸೆಕೆಂಡ್ ಶಿಫ್ಟ್ ಬಸ್ಸು ಅವನನ್ನ ಮೇನ್ ರೋಡಿನಲ್ಲಿ ಇಳಿಸಿ ಹೋಗಿತ್ತು. ಅಮಾವಾಸ್ಯೆ ಕತ್ತಲು. ದೂರದಲ್ಲಿ ಕಾರ್ಖಾನೆ ದೀಪಗಳ ಬೆಳಕು ಆಕಾಶಕ್ಕೆ ಒಸಿ ಹತ್ತಿಕೊಂಡಿತ್ತು, ಅಷ್ಟೇ.

ದೀಪು ಅಂದರೆ ನಮ್ಮ ಚಿಕ್ಕಪ್ಪನ ಮಗ. ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಅಲ್ಲ ಕಣ್ರೇ ಇದು. ಅರ್ಧ ಅವನ ಬಾಯಿಂದಲೇ ಕೇಳಿದ್ದೀನಿ. ಇನ್ನರ್ಧ ನಾನೇ ಕಂಡಿದ್ದೀನಿ. ಹತ್ತಿರ ಬನ್ನಿ, ಜೋರಾಗಿ ಹೇಳೋ ಮಾತಲ್ಲ.

ಅವನಿಗೊಬ್ಬಳು ಅಕ್ಕ. ಶ್ವೇತ. ನನ್ನ ಓರಗೆಯವಳು. ತಾಯಿ ಇಲ್ಲದ ಹುಡುಗನ್ನ ಸಾಕಿ ಆಳು ಮಾಡಿದ್ದು ಅವಳೇ. ಕಾಲಿಗೆ ಕಲ್ಲು ತಗುಲಿದರೆ ನಾವೆಲ್ಲ ಅಮ್ಮಾ ಅಂತೀವಿ, ಅವನು ಅಕ್ಕಾ ಅಂತಾನೆ. ಆಗ ಅವಳಿಗೆ ಕುದೂರಿನ ಹುಡುಗ ಗೊತ್ತಾಗಿ ಮದುವೆ ದಿನ ಇಟ್ಟಿದ್ದರು. ಆ ರಾತ್ರಿ ಹಗ್ಗ ಹಿಡಿದವನು ದೀಪು ಸರಿ, ಆದರೆ ಸಿಕ್ಕಿಹಾಕಿಕೊಂಡವಳು ಅವಳು. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ದೀಪು ಪಾಪ ಅಂತ ಯಾರೂ ಲೊಚಗುಟ್ಟಬೇಡಿ.

ಹಗ್ಗ ಅಂದೆನಲ್ಲ, ಅದು ಎಲ್ಲಿಂದ ಬಂತು ಅಂತ ಕೇಳಿ. ಆ ಕಾಲಕ್ಕೆ ಬಿಡದಿ ಕಡೆ ಒಂದಾದ ಮೇಲೊಂದು ಕಾರ್ಖಾನೆ ಏಳ್ತಿದ್ದವು. ಭಾನುವಾರ ಬಂತೆಂದರೆ ಬೆಂಗಳೂರಿನೋರು ನಮ್ಮ ಬಂಡೆ ಹತ್ತೋಕೆ ಬರೋರು. ನಮ್ಮಜ್ಜಿ ಬಾಯಿ ಬಿಟ್ಟುಕೊಂಡು ನೋಡೋಳು.

"ಮ್ಯಾಲೇನೈತಂತಮ್ಮಿ?"

"ಏನೂ ಇಲ್ಲಜ್ಜಿ."

"ಮತ್ಯಾಕ್ ಹತ್ತಾರು? ಮೇಕೆ ಕಳ್ಕಂಡವ್ರಾ?"

ಊರಿನ ಹುಡುಗರಿಗೂ ಕಲಿಸ್ತೀವಿ, ಚೆನ್ನಾಗಿ ಕಲಿತರೆ ಗೈಡ್ ಕೆಲಸ ಕೊಡ್ತೀವಿ ಅಂತ ಅವರ ಕ್ಲಬ್ಬಿನೋರು ಹೇಳಿದರು. ಕಾಂಟ್ರಾಕ್ಟ್ ಕೆಲಸದಲ್ಲಿ ಬೇಸತ್ತಿದ್ದ ದೀಪು ಸೇರಿಕೊಂಡ. ಕಲಿಸೋಕೆ ಬಂದವರು ರಾಮನಗರದ ತಾಜ್ ಪಾಷಾ. ರೇಷ್ಮೆ ನೂಲು ಬಿಚ್ಚೋರ ಮನೆಯವರು. ಮಾತು ಮೆತ್ತಗೆ, ಪಾಠ ಮಾತ್ರ ಬಲು ಬಿಗಿ.

ಮೊದಲ ದಿನ ಬಂಡೆ ಮುಟ್ಟೋಕೇ ಬಿಡಲಿಲ್ಲವಂತೆ. ಗಂಟು ಹಾಕು, ಬಿಚ್ಚು. ಕಣ್ಣು ಮುಚ್ಚಿ ಹಾಕು, ಬಿಚ್ಚು. ಆಮೇಲೆ ಕಾಲಿನ ಪಾಠ. ಕೈಯಲ್ಲಿ ನೇತಾಡಬೇಡ, ಕಾಲ ಮೇಲೆ ನಿಲ್ಲು. ಹೆದರಿ ಬಂಡೆ ತಬ್ಬಿಕೊಂಡರೆ ಜಾರ್ತೀಯ, ಮೈ ಒಸಿ ದೂರ ಇಡು. ದೀಪು ಮೊಣಕೈ ಮೊಣಕಾಲೆಲ್ಲ ತರಚಿಕೊಂಡು ಮನೆಗೆ ಬರೋನು. ಶ್ವೇತ ಬೈಕೊಂಡು ಅರಿಶಿನ ಹಚ್ಚೋಳು.

ಕೊನೆಗೆ ಹಗ್ಗ ಹಿಡಿಯೋ ಪಾಠ. ಹಗ್ಗ ಬಂಡೆಯ ನೆತ್ತಿಯಲ್ಲಿರೋ ಕೊಂಡಿಯೊಳಗೆ ತೂರಿ ಎರಡು ಎಳೆಯಾಗಿ ಕೆಳಗೆ ಬೀಳುತ್ತೆ. ಬಾವಿ ರಾಟೆ ಇದ್ದ ಹಾಗೆ. ಒಂದು ಎಳೆ ಹತ್ತೋನ ಸೊಂಟಕ್ಕೆ, ಇನ್ನೊಂದು ಕೆಳಗೆ ನಿಂತೋನ ಕೈಗೆ. ಹತ್ತೋನು ಕಾಲು ಜಾರಿದರೆ ಕೆಳಗಿನೋನ ಕೈಯಲ್ಲೇ ಅವನ ಜೀವ.

"ಮೇಲಿನೋನಿಗೆ ನೀನು ಕಾಣಲ್ಲ ಬೇಟಾ," ಅನ್ನೋರಂತೆ ಪಾಷಾ ಸರ್. "ನಿನ್ನ ಬಾಯೇ ಅವನಿಗೆ ಧೈರ್ಯ. ಹಿಡಿದಿದ್ದೀಯಾ ಅಂತ ಕೇಳಿದ ತಕ್ಷಣ ಹಿಡಿದಿದ್ದೀನಿ ಅನ್ನಬೇಕು. ಹಾಗಂದ ಮೇಲೆ, ಅವನು ಬಿಡು ಅನ್ನೋವರೆಗೂ, ಹಾವು ಕಚ್ಚಿದ್ರೂ ಕೈ ಬಿಡಬಾರದು."

ನಮ್ಮ ಮನೆಗಳಲ್ಲಿ ಕಲಿಸೋದು ಬೇರೆ, ನಿಮಗೇ ಗೊತ್ತು. ರಾತ್ರಿ ಯಾರಾದರೂ ಕರೆದರೆ ಮೂರು ಸಲ ಕರೆಯೋವರೆಗೂ ಓ ಅನ್ನಬಾರದು. ದೀಪುಗೆ ಎರಡೂ ಗೊತ್ತಿತ್ತು. ನಾಲಿಗೆಗೆ ಮಾತ್ರ ಪಾಷಾ ಸರ್ ಪಾಠವೇ ರೂಢಿಯಾಗಿ ಹೋಗಿತ್ತು.

ಅವತ್ತು ಮಧ್ಯಾಹ್ನ ಪಾಠ ಮುಗಿದ ಮೇಲೆ, ಹಗ್ಗ ಎಳೆದು ಸುತ್ತಿ ಮನೆಯಲ್ಲಿಡು ಅಂತ ಅವನಿಗೇ ಹೇಳಿ ಹೋಗಿದ್ದರು. ಶಿಫ್ಟ್ ಬಸ್ಸಿಗೆ ಹೊತ್ತಾಯ್ತು ಅಂತ ಓಡೋ ಗಡಿಬಿಡಿಯಲ್ಲಿ ಇವನು ಮರೆತ. ರಾತ್ರಿ ಬಾವಿ ದಾಟುವಾಗ ನೋಡ್ತಾನೆ... ಬಿಳಿ ಹಗ್ಗ ಬಂಡೆ ಮೇಲಿಂದ ನೇತಾಡ್ತಿದೆ. ಬೆಳಗಾಗೋದರೊಳಗೆ ಯಾರಾದರೂ ಕದ್ದರೆ ಗೈಡ್ ಕೆಲಸಕ್ಕೆ ಕಲ್ಲು ಬಿದ್ದ ಹಾಗೇ.

ಮೊಬೈಲ್ ಟಾರ್ಚು ಹಾಕಿ ಕಲ್ಲಿನ ಮೇಲಿಟ್ಟ. ಒಂದು ಎಳೆ ಹಿಡಿದು ಜಗ್ಗಿದ. ಬರಲಿಲ್ಲ. ಮೇಲೆ ಕೊಂಡಿ 'ಕಿಣ್' ಅಂತು. ಎಲ್ಲೋ ಸಿಕ್ಕಿಕೊಂಡಿದೆ ಅಂತ ಹಗ್ಗನ ಸೊಂಟಕ್ಕೆ ಒಂದು ಸುತ್ತು ಹಾಕಿ, ಮೈಭಾರ ಬಿಟ್ಟು ಎಳೆದ.

ಆಗ ಮೇಲಿಂದ ಬಂತು... ಕೂಗು ಅಲ್ಲ. ಪಿಸುಮಾತು. ಅಷ್ಟು ಎತ್ತರದಿಂದ ಪಿಸುಗುಟ್ಟಿದರೂ ಕಿವಿಯಲ್ಲೇ ಹೇಳಿದ ಹಾಗೆ.

"ಹಿಡ್ಕಂಡಿದ್ದೀಯೇನ್ಲಾ?"

ಒಂದೇ ಸಲ ಕೇಳಿದ್ದು.

"ಹಿಡ್ಕಂಡಿವ್ನಿ," ಅಂದುಬಿಟ್ಟ ದೀಪು.

ಅಂದದ್ದೇ ತಡ, ಭಾರ ಬಿತ್ತು. ಆಳಿನ ಭಾರ. ಹಗ್ಗ 'ಕಿರ್ರ್ರ್...' ಅಂತ ಸೊಂಟಕ್ಕೆ ಬಿಗಿಯಿತು. ದೀಪುನ ದರದರ ಎಳೆದುಕೊಂಡು ಹೋಯ್ತು, ಅವನು ಬಂಡೆಗೆ ಕಾಲು ಕೊಟ್ಟು ನಿಂತ.

"ಯಾರ್ ಸಾರ್ ಮೇಲೆ? ಕ್ಲಬ್ಬಿನೋರಾ?"

'ಸರಕ್... ಸರಕ್...' ಅಂತ ಏನನ್ನೋ ಕುಯ್ಯೋ ಸದ್ದು. ಕೈ ಮೇಲೆ 'ಟಪ್' ಅಂತ ಒಂದು ಹನಿ. ಅಂಟು ಅಂಟು. ಹಸಿ ಸೊಪ್ಪಿನ ಹೊಗೆ ವಾಸನೆ. ಬೆಂಕಿ ಎಲ್ಲೂ ಇಲ್ಲ.

ಬಿಟ್ಟು ಓಡಬಾರದಿತ್ತಾ ಅಂತ ಕೇಳ್ತೀರಿ. ನಾನೂ ಕೇಳಿದೆ. ಹೇಗೆ ಬಿಡ್ತಾನೆ? ಬಿಟ್ಟರೆ ಒಬ್ಬ ಬಂಡೆ ಮೇಲಿಂದ ಬೀಳ್ತಾನೆ. ಮೇಲಿರೋನು ಮನುಷ್ಯನೇ ಆಗಿದ್ದರೆ? ಮನುಷ್ಯ ಅಲ್ಲದಿದ್ದರೆ ಬಿಟ್ಟ ಮೇಲೆ ಸುಮ್ಮನೆ ಬಿಡ್ತಾನಾ? ಅಂಗೈ ಉರೀತಿತ್ತು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳೋಕೆ ಕೈ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ ಅವನಿಗೇ ಗೊತ್ತಿಲ್ಲ.

ಸದ್ದು ನಿಂತಿತು. ಆಮೇಲೆ...

"ಹಗ್ಗ ಹಿಡ್ದಿರೋನು... ನೀನು ನಂಗೇನಾಗ್ಬೇಕು?"

ಹೆಜ್ಜೇನು ಬಂಡೆ ಅನ್ನೋ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮಜ್ಜಿಯ ಅಜ್ಜಿ ಕಾಲಕ್ಕೆ ಜೇನು ಕೀಳೋರು ಅಮಾವಾಸ್ಯೆ ರಾತ್ರಿ ಜೇನುಮೇಣ ತಿಕ್ಕಿದ ನಾರಿನ ಹಗ್ಗ ಕಟ್ಟಿಕೊಂಡು ಅಲ್ಲಿ ಇಳೀತಿದ್ದರಂತೆ. ಆ ಹಗ್ಗನ ಅಣ್ಣತಮ್ಮಂದಿರ ಕೈಗೆ ಕೊಡ್ತಿರಲಿಲ್ಲ. ಇವನು ಸತ್ತರೆ ಅವರಿಗೆ ಆಸ್ತಿ ಪಾಲು ಹೆಚ್ಚುತ್ತಲ್ಲ! ಹೆಂಡತಿಯ ತಮ್ಮನ ಕೈಗೇ ಕೊಡೋದು. ಅಕ್ಕನ ತಾಳಿ ಹೋಗಲಿ ಅಂತ ಯಾವ ಬಾಮೈದ ಹಗ್ಗ ಬಿಡ್ತಾನೆ? ಈ ಕತೆ ದೀಪುನೂ ಚಿಕ್ಕಂದಿನಲ್ಲಿ ಕೇಳಿದ್ದ. ಆದರೆ ಭಯದಲ್ಲಿ ತಲೆ ಎಲ್ಲಿ ಓಡುತ್ತೆ? ಮರ್ಯಾದೆಗೆ ಹೇಳೋ ಮಾತು ಹೇಳಿದ.

"ತಮ್ಮ ಅಂದ್ಕಳಣ್ಣಾ..."

ಜೀರುಂಡೆಗಳ ಸದ್ದೂ ನಿಂತಿತು.

"ನನ್ ಹಗ್ಗ ಬುಟ್ಟಿದ್ದು ನನ್ ತಮ್ಮನೇ ಕಣ್ಲಾ."

ಹಗ್ಗ ಒಂದೇ ಸಲ ಜಗ್ಗಿತು. ದೀಪು ಕಾಲು ನೆಲ ಬಿಟ್ಟಿತು. ಮೊಣಕಾಲೆತ್ತರ... ಆಳೆತ್ತರ... ಎರಡಾಳೆತ್ತರ. ಬಾವಿಯಲ್ಲಿ ಒಂದು ಬಿಂದಿಗೆ ಇಳಿದರೆ ಇನ್ನೊಂದು ಏರುತ್ತಲ್ಲ, ಹಾಗೆ ಅವನು ಏರ್ತಿದ್ದ. ಅಂದರೆ ಪಕ್ಕದ ಎಳೆಯಲ್ಲಿ ಇನ್ನೊಬ್ಬ ಇಳೀತಿದ್ದ.

ಬಂಡೆಗೂ ಹಗ್ಗಕ್ಕೂ ನಡುವೆ ಸಿಕ್ಕಿಕೊಂಡ ದೀಪು. ಸೊಂಟದ ಸುತ್ತು ಮಾಂಸಕ್ಕೆ ಇಳಿದಿತ್ತು. ಉಸಿರು ಒಳಗೆ ಹೋದರೆ ಹೊರಗೆ ಬರಲ್ಲ. ಈಗ ಕೈ ಬಿಟ್ಟರೆ ಅವನೇ ಬಿದ್ದು ಸಾಯ್ತಾನೆ. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯ್ತು. ಅವನು ನೋಡಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಎಡಗೆನ್ನೆಗೆ ಹೊಗೆ ವಾಸನೆಯ ಉಸಿರು ತಾಗ್ತಿತ್ತು. ತಣ್ಣಗೆ.

ಅದೇ ಹೊತ್ತಿಗೆ ಕೆಳಗೆ, ಕಲ್ಲಿನ ಮೇಲೆ, ಮೊಬೈಲು ಹೊಡ್ಕೊಳ್ತು. ಟ್ರೀಂ ಟ್ರೀಂ... ಟ್ರೀಂ ಟ್ರೀಂ... ಅಷ್ಟು ಹೊತ್ತಿನಲ್ಲಿ ಅವನಿಗೆ ಫೋನ್ ಮಾಡೋಳು ಒಬ್ಬಳೇ. ಊಟ ಮುಚ್ಚಿಟ್ಟು ಕಾಯ್ತಿದ್ದಳು.

"ಅಕ್ಕಾ..." ಅಂದ ದೀಪು. ಅಳು ಬಂದುಬಿಟ್ಟಿತ್ತು.

ಪಕ್ಕದ ಉಸಿರು ತಡೆಯಿತು.

"ಅಕ್ಕ ಅವ್ಳಾ ನಿಂಗೆ?"

ದನಿ ಮೆತ್ತಗಾಗಿತ್ತಂತೆ. ಹಸಿದೋನು ಊಟದ ವಾಸನೆ ಹಿಡಿದ ಹಾಗೆ.

"ಹೂಂ..."

"ಮದ್ವೆ?"

"ಇನ್ನೂ ಇಲ್ಲ..."

"ಹಂಗಾದ್ರೆ ಈಗ ಹೇಳು. ನೀನು ನಂಗೇನಾಗ್ಬೇಕು?"

ಆಗ ಅವನಿಗೆ ಅಜ್ಜಿ ಕತೆ ನೆನಪಾಯ್ತು. ಏನು ಹೇಳಿದರೆ ಬಿಡ್ತಾನೆ ಅಂತ ಗೊತ್ತಾಯ್ತು. ಹೇಳಿದರೆ ಏನು ಕೊಟ್ಟ ಹಾಗಾಗುತ್ತೆ ಅಂತಲೂ ಗೊತ್ತಾಯ್ತು. ಅದನ್ನ ಅವನು ಮುಚ್ಚಿಡಲಿಲ್ಲ, ನನ್ನ ಮುಂದೆ ಒಪ್ಪಿಕೊಂಡ. ಹೇಳಬಾರದು ಅಂತ ಹಲ್ಲು ಕಚ್ಚಿದನಂತೆ. ಹಗ್ಗ ಇನ್ನೊಂದು ಬೆರಳು ಬಿಗಿಯಿತು. ಪಕ್ಕೆಯಲ್ಲಿ 'ಲಟಕ್' ಅಂತು. ಕೆಳಗೆ ಫೋನು ಹೊಡ್ಕೊಳ್ತಾನೇ ಇತ್ತು.

"ಬಾಮೈದ..." ಅಂದ. "ನಾನು ನಿನ್ ಬಾಮೈದ, ಭಾವಾ."

"ಹೆಸ್ರು?"

"ದೀಪು."

"ನಿಂದಲ್ಲ."

ಫೋನು ನಿಂತಿತು.

"ಶ್ವೇತ," ಅಂದ ದೀಪು.

ಕಿವಿಯ ಪಕ್ಕದಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಹಗ್ಗ ತಾನಾಗೇ ಸಡಿಲವಾಯ್ತು. ಮಗುವನ್ನ ಇಳಿಸಿದ ಹಾಗೆ ಅವನನ್ನ ನೆಲಕ್ಕೆ ಇಳಿಸಿತು. ಮೇಲಿಂದ ಕೊನೆಯ ಮಾತು ಬಂತು.

"ಬುಡು."

ಬಿಟ್ಟ. ಬಿಟ್ಟು ಓಡಿದ.

ಮನೆಯಲ್ಲಿ ಬಸ್ಸು ಕೆಟ್ಟಿತ್ತು ಅಂತ ಸುಳ್ಳು ಹೇಳಿದ. ಮರುದಿನ ಪಾಷಾ ಸರ್ ಬಂದು ಹಗ್ಗ ಎಳೆದರೆ ಸಲೀಸಾಗಿ ಬಂತಂತೆ. ದೀಪು ಸೊಂಟ ಹಿಡಿದುಕೊಂಡು ನಡೆಯೋದು ನೋಡಿ ಅಂಗಿ ಎತ್ತಿಸಿದರು. ಗಾಯದೊಳಗೆ ಕಂದು ಬಣ್ಣದ ನಾರು ಚುಚ್ಚಿಕೊಂಡಿತ್ತು.

"ಅರೇ, ನಮ್ಮ ನೈಲಾನ್ ಹಗ್ಗದಲ್ಲಿ ನಾರು ಎಲ್ಲಿಂದ ಬಂತು? ಯಾರಿಗೆ ಹಿಡಿದಿದ್ದೆ ನೀನು?"

ದೀಪು ಅಂಗಿ ಇಳಿಸಿಕೊಂಡು ನಡೆದುಬಿಟ್ಟ. ಮತ್ತೆ ಆ ಪಾಠಕ್ಕೆ ಹೋಗಲಿಲ್ಲ.

ಇನ್ನು ನಾನು ಕಂಡದ್ದು. ಮದುವೆಗೆ ಮುಂಚೆ ಅರಿಶಿನ ಹಚ್ಚುವಾಗ ಶ್ವೇತಳ ಕತ್ತಿಗೆ ಕೈ ಹಾಕಿದವಳು ನಾನೇ. ಬೆರಳಿಗೆ ಏನೋ ತಗುಲಿತು. ಜಡೆ ಬುಡದಲ್ಲಿ ಅವಿತುಕೊಂಡಿದ್ದ ದಾರ. ನಾರು ಹೊಸೆದ ದಾರ.

"ಇದ್ಯಾವಾಗ ಕಟ್ಕಂಡ್ಯೇ?"

"ನಾನೆಲ್ಲಿ ಕಟ್ಕಂಡೆ? ಏನೇ ಅದು?"

ಗಂಟು ಹುಡುಕಿದೆ. ಗಂಟೇ ಇಲ್ಲ. ಕತ್ತರಿ ತಂದು ಕತ್ತರಿಸಿದೆ, ಒಲೆಗೆ ಹಾಕಿದೆ. ಚಟಪಟ ಅಂತ ಉರಿದು ಬೂದಿಯಾಯ್ತು. ಬೆಳಗ್ಗೆ ಎದ್ದು ನೋಡಿದರೆ ದಾರ ಅವಳ ಕತ್ತಿನಲ್ಲೇ ಇದೆ.

ಅದನ್ನ ನೋಡಿ ದೀಪು ಅಲ್ಲೇ ಎಲ್ಲಾ ಹೇಳಿದ. ನಾನಂತೂ ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಏನು ನಿನ್ನ ಜೇಬಿನಲ್ಲಿದ್ದ ಬೀಡಿನೇನೋ, ಕೇಳಿದೋನಿಗೆ ಎತ್ತಿ ಕೊಡೋಕೆ ಅಂದೆ. ಶ್ವೇತ ಮಾತ್ರ ಕತ್ತಿನ ದಾರ ಮುಟ್ಟಿಕೊಂಡು ಕೂತಿದ್ದಳು.

"ಸತ್ತೋಗ್ತಿದ್ದೆ ಕಣಕ್ಕಾ," ಅಂದ ಅವನು.

"ಗೊತ್ತು ಕಣೋ. ಕೇಳಿದ್ರೆ ನಾನೇ ಹೂಂ ಅಂತಿದ್ದೆ," ಅಂದಳು. "ನೀನು ಕೇಳ್ದೇನೇ ಕೊಟ್ಬುಟ್ಟೆ."

ಅದಾದ ಮೇಲೆ ಆ ವಿಷಯ ಅವಳು ಅವನ ಹತ್ತಿರ ಎತ್ತಲಿಲ್ಲ. ಅವನು ಇವತ್ತಿಗೂ ಅವಳ ಮುಖ ನೋಡಿ ಮಾತಾಡಲ್ಲ.

ಮದುವೆ ನಿಲ್ಲಲಿಲ್ಲ. ಹರಕೆ ದಾರ ಅಂತ ಹೇಳಿದೆವು. ಕುದೂರಿನ ಹುಡುಗ ಅದರ ಮೇಲೇ ತಾಳಿ ಕಟ್ಟಿದ. ಒಳ್ಳೆಯ ಮನುಷ್ಯ, ಅವಳನ್ನ ಚೆನ್ನಾಗಿ ನೋಡ್ಕೊಂಡಿದ್ದಾನೆ. ಅಮಾವಾಸ್ಯೆ ರಾತ್ರಿ ಮಾತ್ರ ಅವಳು ಮಕ್ಕಳನ್ನ ತಬ್ಬಿಕೊಂಡು ಬೇರೆ ಕೋಣೆಯಲ್ಲಿ ಮಲಗ್ತಾಳೆ. ಯಾಕೆ ಅಂತ ಅವನು ಕೇಳಲ್ಲ, ಅವಳು ಹೇಳಲ್ಲ.

ಹೋದ ಅಮಾವಾಸ್ಯೆ ಮಾರನೇ ದಿನ ನಾನು ಕುದೂರಿಗೆ ಹೋಗಿದ್ದೆ. ಬೆಳಗ್ಗೆ ಅವಳಿಗೆ ತಲೆ ಬಾಚುತ್ತಾ ಜಡೆ ಎತ್ತಿದೆ. ಆ ದಾರಕ್ಕೆ ಯಾರೋ ಹೊಸದಾಗಿ ಜೇನುಮೇಣ ತಿಕ್ಕಿದ್ದರು. ಸುಳ್ಳಲ್ಲ ಕಣ್ರೇ, ಈ ಬೆರಳಲ್ಲೇ ಮುಟ್ಟಿ ನೋಡಿದ್ದೀನಿ. ಮೇಣ ಇನ್ನೂ ಮೆತ್ತಗಿತ್ತು.