ಪೈಪು ಕೊಟ್ಟ ಉತ್ತರ

ಬೀದಿಯಲ್ಲಿ ನಿಂತು ಕೂಗಿ ಕೇಳಿದರೆ ಒಂದು ಉಸಿರು ಖರ್ಚು. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರೆ ಎರಡು ಮಂಡಿ ಖರ್ಚು. ಒಳಗೆ ಹೋಗಿ ಕೂತರೆ ಅರ್ಧ ಬೆಳಗೇ ಖರ್ಚು. ಒಂಟಿಯಾಗಿರುವ ಮುದುಕರನ್ನು ದಿನವೂ ವಿಚಾರಿಸಿಕೊಂಡು ಬರುವ ನಮ್ಮ ಕೆಲಸದ ಲೆಕ್ಕ ಇದು. ಹೊರಡುವ ಹೊತ್ತಿಗೆ ಮಳೆ ಹಿಡಿದು, ಹೊಸದಾಗಿ ಸೇರಿದ ನಾವೆಲ್ಲ ಕಚೇರಿಯಲ್ಲೇ ಸಿಕ್ಕಿಬಿದ್ದಿದ್ದೆವು. ಫೋನು ಮಾಡಿದರೆ ಇದ್ಯಾವ ಖರ್ಚೂ ಇಲ್ಲವಲ್ಲ ಎಂದು ನಮ್ಮಲ್ಲೊಬ್ಬಳು ಅಂದಳು. ಈ ಕೆಲಸದಲ್ಲೇ ಕೂದಲು ನರೆತ ದೊಡ್ಡಮ್ಮ, ಒದ್ದೆ ಕಾಲುಚೀಲ ಹಿಂಡುತ್ತಿದ್ದವರು, ಮುಖ ಎತ್ತಿದರು.

"ಚೆನ್ನಾಗಿದೀನಿ ಅಂದ್ಬಿಟ್ರೆ ನಂಬಿಬಿಡ್ತೀಯೇನೆ? ಹತ್ರ ಬನ್ನಿ, ಮಳೆ ಸದ್ದಿಗೆ ನನ್ನ ಗಂಟಲು ಸಾಲಲ್ಲ.

"ಆಗ ನನಗೊಂದು ಹಳೇ ಕಟ್ಟಡ ಒಪ್ಪಿಸಿದ್ರು. ಲಿಫ್ಟ್ ಇಲ್ಲ, ಮಹಡಿಗೊಂದು ಮನೆ, ಮನೆಗೊಂದು ಒಂಟಿ ಜೀವ. ಎಲ್ಲರ ಅಡುಗೆಮನೆ ಹಾದು ಕೆಳಗಿಂದ ಮೇಲಿನವರೆಗೂ ಒಂದೇ ಕಬ್ಬಿಣದ ನೀರಿನ ಪೈಪು. ನಾನು ಕೆಳಗೆ ನಿಂತು, ಅವರೆಲ್ಲರ ಮನೆ ಬೀಗದಕೈ ಗೊಂಚಲಿಂದ ಅದಕ್ಕೆ ಕುಟ್ಟೋದು, ಅವರು ಒಬ್ಬೊಬ್ಬರಾಗಿ ಉತ್ತರ ಕುಟ್ಟೋದು... ಚೆನ್ನಾಗಿದೀನಿ, ಹತ್ತಬೇಡ ಅಂತ. ಯಾರು ಸುಮ್ಮನಿರ್ತಾರೋ ಅವರ ಮನೆಗೆ ಮಾತ್ರ ಹತ್ತೋದು. ಎರಡನೇ ಮಹಡಿ ದರ್ಜಿ ಅಜ್ಜಿ ಕತ್ತರಿಲಿ ಕುಟ್ಟೋಳು, ತೆಳ್ಳಗೆ ಟಿಣ್ ಅಂತ.

"ಅವಳ ಮೇಲಿನ ಮನೇಲಿ ಒಬ್ಬ ಮುದಿ ಕಾವಲುಗಾರ. ಕೆಲಸದಲ್ಲಿದ್ದಾಗ ಜೊತೆಯವನು ನಿದ್ದೆ ಹೋದ್ರೆ, ಅವನ ಪಾಲಿನ ಸೀಟೀನೂ ತಾನೇ ಊದಿ ಬೈಗುಳದಿಂದ ಉಳಿಸ್ತಿದ್ದನಂತೆ. ಇಲ್ಲೂ ಅದೇ ಬುದ್ಧಿ. ಅಜ್ಜಿ ತೂಕಡಿಸ್ತಿದ್ರೆ, ನನ್ನ ಮಂಡಿ ಮೇಲಿನ ಕನಿಕರಕ್ಕೆ, ಅವಳ ಉತ್ತರಾನೂ ತಾನೇ ಕುಟ್ಟಿಬಿಡೋನು. 'ನಾನು ಬದುಕಿದೀನೋ ಸತ್ತಿದೀನೋ ಹೇಳೋಕೆ ನೀನ್ಯಾವ ದೊಣ್ಣೆನಾಯಕ?' ಅಂತ ಅಜ್ಜಿ ಮೆಟ್ಟಿಲಲ್ಲಿ ನಿಂತು ಜಾಡಿಸೋಳು.

"ಒಂದು ಬೆಳಿಗ್ಗೆ ಅವನ ಉತ್ತರ ಬರಲಿಲ್ಲ. ಹತ್ತಿ ನೋಡಿದ್ರೆ... ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದ. ಆ ಮನೆಗೆ ಬೀಗ ಬಿತ್ತು.

"ಮುಂದೆ ಕೇಳಿ. ಅಜ್ಜಿ ಮೊದಲ ಸಲಕ್ಕೆ ಯಾವತ್ತೂ ಉತ್ತರ ಕೊಟ್ಟೋಳಲ್ಲ. ಕಾಯಿಸಿ, ಸತಾಯಿಸಿ, ಆಮೇಲೆ ಟಿಣ್ ಅನ್ನೋಳು. ಅವನು ಹೋಗಿ ಕೆಲವು ವಾರ ಆದ್ಮೇಲೆ ಒಂದಿನ, ನಾನು ಪೈಪಿಂದ ಕೈ ತೆಗೆಯೋ ಮೊದಲೇ ಟಿಣ್ ಟಿಣ್. ಸರಿ ಅಂತ ಹೊರಟೆ. ಮಾರನೇ ದಿನವೂ ಹಾಗೇ. ಇಷ್ಟು ವಿಧೇಯತೆ ಅವಳಿಗೆ ಎಲ್ಲಿಂದ ಬಂತು, ನೀವೇ ಹೇಳಿ? ಮನಸ್ಸು ತಡೀಲಿಲ್ಲ, ಹತ್ತಿದೆ.

"ಅಜ್ಜಿ ಅಡುಗೆಮನೆ ನೆಲದ ಮೇಲೆ. ಸೊಂಟ ಮುರಿದು ಹಿಂದಿನ ದಿನದಿಂದ ಬಿದ್ದಲ್ಲೇ ಬಿದ್ದಿದ್ಲು, ತುಟಿ ಬಿರಿದಿತ್ತು. ಕತ್ತರಿ ಪೈಪಿನ ಪಕ್ಕ ಮೊಳೆಯಲ್ಲಿ, ಅವಳ ಕೈಗೆ ಎಟುಕದಷ್ಟು ಮೇಲೆ. ಕಿಟಕಿ ಮುಚ್ಚಿತ್ತು... ಕತ್ತರಿ ಇನ್ನೂ ತೂಗಾಡ್ತಿತ್ತು. ಬಾಯಿಗೆ ನೀರು ಹನಿಸಿದೆ. ಅವಳು ಮೊದಲು ಅಂದಿದ್ದೇನು ಗೊತ್ತಾ? 'ಬೇಡ ಕಣೋ, ಅವಳು ಹತ್ತಿ ಬರಲಿ ಬಿಡೋ ಅಂತ ಬಡ್ಕೊಂಡೆ... ಕೇಳ್ಲೇ ಇಲ್ಲ ಆ ದೊಣ್ಣೆನಾಯಕ.'

"ಒಳ್ಳೇ ದೆವ್ವ ಅಂತೀರಾ? ಒಳ್ಳೇದೇ. ನನ್ನ ಮಂಡಿ ಉಳಿಸೋಕೆ ಹೋಗಿ ಅವಳನ್ನ ಕೊಂದೇಬಿಡ್ತಿತ್ತು."

ಆ ಪೈಪು ಈಗಲೂ ಇದೆಯೇ ಎಂದು ನಾನು ಕೇಳಿದೆ.

"ಅದನ್ನ ಕಿತ್ತು ಪ್ಲಾಸ್ಟಿಕ್ ಹಾಕಿಸಿದ್ರಲ್ಲ. ಈಗ ಎಲ್ಲರ ಹತ್ರಾನೂ ಫೋನು... ಹೋದ ತಿಂಗಳು ನನಗೆ ಜ್ವರ. ಅದೇ ಕಟ್ಟಡದ ಮೇಲಿನ ಮಹಡಿ ಮೇಷ್ಟ್ರಿಗೆ ಫೋನು ಮಾಡಿದೆ. ಒಂದು ರಿಂಗೂ ಪೂರ್ತಿ ಆಗಿಲ್ಲ... 'ಚೆನ್ನಾಗಿದೀನಮ್ಮ, ನೀನು ಹತ್ತಬೇಡ' ಅಂತು. ಮೇಷ್ಟ್ರದೇ ದನಿ. ಮಾರನೇ ದಿನ ಜ್ವರ ಇಳಿದ ಮೇಲೆ ಹೋದೆ. ಫೋನು ಟೇಬಲ್ ಮೇಲಿತ್ತು. ಮೇಷ್ಟ್ರು ನೆಲದ ಮೇಲಿದ್ರು. ಲಕ್ವ ಹೊಡೆದು ಎರಡು ದಿನ ಆಗಿದೆ, ಆಗಲೇ ಮಾತು ಹೋಗಿರುತ್ತೆ ಅಂದ್ರು ಡಾಕ್ಟರು."

ದೊಡ್ಡಮ್ಮ ಒದ್ದೆ ಕಾಲುಚೀಲವನ್ನೇ ಹಾಕಿಕೊಂಡು ಎದ್ದರು.

"ಅಜ್ಜಿ ಕೋಲು ಹಿಡ್ಕೊಂಡು ಇನ್ನೊಂದಷ್ಟು ವರ್ಷ ಬದುಕಿದ್ಲು. ಮೇಷ್ಟ್ರು ಉಳೀಲಿಲ್ಲ."