ಹುಳ ಕೂತಿದೆ, ಚಿತ್ರ ಅಲುಗಿದೆ

ಹಲೋ, ಸ್ಟುಡಿಯೋ. ಯಾರು ಮಾತಾಡ್ತಿರೋದು? ಸ್ವಲ್ಪ ಗಟ್ಟಿಯಾಗಿ ಹೇಳಿ, ಬರೀ ಗಾಳಿ ಸದ್ದು...

ಯಾರು?... ಪುಟ್ಟೀನಾ? ಅಮ್ಮ ಮನೇಲಿದಾಳೆ ಕಣಮ್ಮ, ಇದು ಅಂಗಡಿ ನಂಬರು...

ನನ್ನ ಹತ್ರಾನೇನಾ? ಹಾಂ... ಹೇಳು, ಹೇಳು. ಒಂದ್ನಿಮಿಷ ಸಾರ್, ಹಾಗೇ ಕೂತಿರಿ. ಮಗಳು. ವರ್ಷದ ಮೇಲಾಯ್ತು ಇವಳು ನನ್ನ ಹತ್ರ ಮಾತಾಡಿ... ಇಲ್ಲಮ್ಮ, ನಿನಗಲ್ಲ, ಪಾಸ್‌ಪೋರ್ಟ್ ಫೋಟೋಗೆ ಬಂದಿದಾರೆ ಒಬ್ಬರು.

ಏನು ಕೂತಿದೆ? ಏರೋಪ್ಲೇನ್ ಚಿಟ್ಟೆನಾ? ಈಗ ತಾನೇ ಪೊರೆ ಬಿಟ್ಟು ಬಂತಾ! ರೆಕ್ಕೆ ಇನ್ನೂ ಒದ್ದೆ... ಹಾಗಾದ್ರೆ ಒಣಗೋವರೆಗೆ ಹಾರಲ್ಲ, ಅಲ್ವಾ? ಆಮೇಲೆ ಸಿಗಲ್ಲ.

ಪುಸ್ತಕಕ್ಕಾ? ನೀನು ಮಾಡ್ತಿರೋ ಹುಳಗಳ ಪುಸ್ತಕಕ್ಕೇ?... ಇದೊಂದು ಚಿತ್ರ ಬಾಕಿ, ಇವತ್ತೇ ಕಳಿಸ್ಬೇಕು. ಅಯ್ಯೋ, ಮೊದಲೇ ಹೇಳಬಾರ್ದಾ!

ಅಳಬೇಡ. ತೆಗೆದಿದ್ದೆಲ್ಲಾ ಅಲುಗಿ ಬರ್ತಿದೆಯಾ? ಶಟರ್ ಸ್ಪೀಡ್ ಎಷ್ಟಿಟ್ಟಿದೀಯ?... ಅರವತ್ತಾ? ಅದು ಸ್ಟುಡಿಯೋ ಲೆಕ್ಕ ಕಣೇ! ಫ್ಲಾಶ್ ಹೊಡೆದು, ಗಿರಾಕೀನ ಸ್ಟೂಲ್ ಮೇಲೆ ಕೂರಿಸಿ ತೆಗೆಯೋಕೆ ಹೇಳಿಕೊಟ್ಟಿದ್ದು. ಅದು ಕೂತಿರೋ ಜೊಂಡು ಗಾಳಿಗೆ ತೂಗಾಡ್ತಿರುತ್ತೆ, ಅದಕ್ಕೆ ಅರವತ್ತು ಸಾಕಾಗುತ್ತಾ?

ನಾನು ಹೇಳಿದ್ದನ್ನ ಇನ್ನೂ ಬದಲಾಯಿಸೇ ಇಲ್ವಾ ನೀನು?... ಹಾಂ... ಇರ್ಲಿ. ಐನೂರಕ್ಕೆ ತಾ. ಬೆಳಕು ಸಾಲಲ್ಲ, ಐಎಸ್ಒ ಎಂಟುನೂರು ಮಾಡು. ಅಪರ್ಚರ್ ಎಂಟೇ ಇರ್ಲಿ, ಇನ್ನೂ ತೆರೆದ್ರೆ ಕಣ್ಣು ಮಾತ್ರ ಸ್ಪಷ್ಟ ಬಂದು ಬಾಲ ಮಸುಕಾಗುತ್ತೆ. ತೆಗಿ.

ಬಂತಾ?... ಇನ್ನೂ ಅಲುಗಿದೆಯಾ? ಐನೂರಿಗೂ?

ಸಾರ್, ಗದ್ದ ಸ್ವಲ್ಪ ಕೆಳಗೆ... ಅಯ್ಯೋ, ನಗಬೇಡ, ಅವರಿಗೆ ಹೇಳಿದ್ದು! ನಗ್ತಾಳೆ ನೋಡಿ ಸಾರ್. ಹುಳಕ್ಕೂ ಪಾಸ್‌ಪೋರ್ಟ್ ಫೋಟೋ ಬೇಕಾ ಅಂತ ಅವತ್ತು ನಾನಂದಾಗ ಮುಖ ಊದಿಸಿಕೊಂಡು ಹೋದವಳು.

ತಮಾಷೆ ಆಯ್ತಮ್ಮ, ಈಗ ಬೇಡ. ಹುಳ ಏನು ಮಾಡ್ತಿದೆ?... ರೆಕ್ಕೆ ನಡುಗಿಸ್ತಿದೆಯಾ? ಬೇಗ, ಬೇಗ! ಮೊಣಕೈ ಪಕ್ಕೆಗೆ ಒತ್ತಿ ಹಿಡಿ. ಎಡಗೈ ಲೆನ್ಸ್ ಕೆಳಗೆ... ಎಡಗೈ ಖಾಲಿ ಇಲ್ವಾ? ಏನಿದೆ ಅದರಲ್ಲಿ?

ಫೋನಾ.

ಕೆಳಗಿಡು, ಸ್ಪೀಕರ್ ಹಾಕಿ... ಎಲ್ಲಿದೀಯ ನೀನು? ಮಂಡಿವರೆಗೂ ನೀರಲ್ಲಾ! ಜೇಬಲ್ಲಿಟ್ರೆ?... ಹೌದು, ಈ ಗಾಳೀಲಿ ಏನೂ ಕೇಳಲ್ಲ.

ಅಂದ್ರೆ ಒಂದೇ ಕೈಲಿ ಅಷ್ಟು ಭಾರದ ಕ್ಯಾಮೆರಾ ಎತ್ಕೊಂಡು ನಿಂತಿದೀಯ. ಇಷ್ಟು ಹೊತ್ತೂ ನನ್ನಿಂದಾನೇ ಅಲುಗಿರೋದು ಅದು... ಅಲ್ಲ, ನಿನ್ನ ತಪ್ಪಲ್ಲ. ನಾನೇ ಮಾತು ಬೆಳೆಸ್ತಿದೀನಿ. ನಿನ್ನ ದನಿ ಕೇಳಿ ಎಷ್ಟು ಖುಷಿಯಾಗಿದೆ ಗೊತ್ತಾ, ಬಿಡೋಕೆ ಮನಸ್ಸೇ ಬರ್ತಿಲ್ಲ.

ಆದ್ರೆ ಇಡು. ಇಡಮ್ಮ ಫೋನು.

ಏನು?... ಇನ್ನೊಂದು ನಿಮಿಷಾನಾ? ಅದು ಹಾರೋಕೆ ನಿಂತಿದೆ, ಇವಳಿಗೆ ಇನ್ನೊಂದು ನಿಮಿಷ ಬೇಕಂತೆ!

ನೀನು ಇಡೋಳಲ್ಲ, ನಿನ್ನ ಹಟ ನನಗೆ ಗೊತ್ತಿಲ್ವಾ. ನಾನೇ ಇಡ್ತೀನಿ. ಎರಡೂ ಕೈ ಕ್ಯಾಮೆರಾ ಮೇಲಿರ್ಲಿ, ಪುಟ್ಟಿ. ಉಸಿರು ಬಿಗಿಹಿಡಿ. ಆಮೇಲೆ... ಆಮೇಲೆ ಮತ್ತೆ ಫೋನ್ ಮಾಡ್ತೀಯಲ್ಲ? ಇಟ್ಟೆ.