ಬೆಸುಗೆಯ ಎರಡನೇ ಬೊಟ್ಟು

ನಗುವವರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನನ್ನ ಚಿಕ್ಕಪ್ಪನ ಮಗ ಕಿವಿಯಣ್ಣ ರಾತ್ರಿ ಹನ್ನೊಂದರ ಮೇಲೆ ಹಾಳು ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದಾಗ ಆದದ್ದು. ಬಾವಿಗೆ ಆಮೇಲೆ ಬರೋಣ... ಮೊದಲು ಅವನ ಕೆಲಸ ಏನು ಅಂತ ಹೇಳಬೇಕು.

ಯುದ್ಧದ ಮೂರನೇ ವರ್ಷ. ಸೈನ್ಯದ ಗೋದಾಮಿನಲ್ಲಿ ಅವನಿಗೆ ಡಬ್ಬಿ ತಟ್ಟುವ ಕೆಲಸ. ನಗಬೇಡಿ ಅಂದೆನಲ್ಲ. ಗಡಿಗೆ ಹೋಗುವ ಊಟವೆಲ್ಲ ತಗಡಿನ ಡಬ್ಬಿಯಲ್ಲೇ ಹೋಗುತ್ತಿತ್ತು. ಗೇಣುದ್ದದ ಮರದ ಕಡ್ಡಿಯಿಂದ ಮುಚ್ಚಳಕ್ಕೆ ಒಂದು ಪೆಟ್ಟು. ಊಟ ಚೆನ್ನಾಗಿದ್ದರೆ ‘ದಪ್’. ಕೆಟ್ಟು ಗಾಳಿ ತುಂಬಿದ್ದರೆ ‘ಟೊಂಯ್’. ಈ ಎರಡನ್ನೂ ತಪ್ಪದೆ ಕೇಳುವ ಕಿವಿ ಅಲ್ಲಿ ಅವನೊಬ್ಬನಿಗೇ ಇತ್ತು, ಅದಕ್ಕೇ ಆ ಅಡ್ಡಹೆಸರು. ಡಬ್ಬಿ ತುಂಬಿದ ಮರದ ಪೆಟ್ಟಿಗೆಯಲ್ಲಿ ಎಲ್ಲ ಒಳ್ಳೆಯದಿದ್ದರೆ ಮುಚ್ಚಳದ ಮೇಲೆ ತನ್ನ ಸೀಲು ಒತ್ತುತ್ತಿದ್ದ, ಏಳನೇ ನಂಬರು. ಕೆಟ್ಟದ್ದಕ್ಕೆ ಕೆಂಪು ಸೀಮೆಸುಣ್ಣದಲ್ಲಿ ಇಂಟು ಗುರುತು. ಇಂಟು ಬಿದ್ದ ಪೆಟ್ಟಿಗೆಯನ್ನು ರೈಲಿಗೆ ಏರಿಸಲು ಯಾರಪ್ಪನಿಗೂ ಅಧಿಕಾರ ಇರಲಿಲ್ಲ.

ಕಿವಿಯಣ್ಣನ ಅಕ್ಕನ ಮಗ ಗಡಿಯಲ್ಲಿದ್ದ. ಅವನಿಂದ ಒಂದು ಕಾಗದ ಬಂದಿತ್ತು. ‘ಮಾವ, ಪೆಟ್ಟಿಗೆ ಮೇಲೆ ಏಳು ಕಂಡ್ರೆ ನಾವ್ಯಾರೂ ಮೂಸಿ ಕೂಡ ನೋಡಲ್ಲ. ಹಾಗೇ ತಿಂತೀವಿ.’ ಕಿವಿಯಣ್ಣ ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಆ ಸಂಜೆ ಮುನ್ನೂರು ಪೆಟ್ಟಿಗೆ ಬಂದವು. ಬೆಳಗಿನ ಐದರ ರೈಲಿಗೆ ಹೋಗಬೇಕು. ಮೊದಲ ಪೆಟ್ಟಿಗೆ ದಪ್, ದಪ್, ದಪ್. ಎರಡನೆಯದೂ ದಪ್... ಆದರೆ ಅದರಲ್ಲಿನ ಒಂದು ಡಬ್ಬಿಯನ್ನು ಕೈಗೆತ್ತಿಕೊಂಡವನು ಹಾಗೇ ನಿಂತ. ಒಳ್ಳೆಯ ಡಬ್ಬಿಯ ತಲೆಯ ಮೇಲೆ ಬೆಸುಗೆಯ ಒಂದೇ ಬೊಟ್ಟಿರುತ್ತದೆ. ಇದಕ್ಕೆ ಎರಡಿತ್ತು. ಅಂದರೆ, ಕೆಟ್ಟು ಉಬ್ಬಿದ ಡಬ್ಬಿಗೆ ಮೊಳೆ ಚುಚ್ಚಿ, ಗಾಳಿ ಬಿಟ್ಟು, ಮತ್ತೆ ಕುದಿಸಿ, ತೂತಿಗೆ ಬೆಸುಗೆ ಹಾಕಿದ್ದಾರೆ. ತಟ್ಟಿದರೆ ಅದೂ ಸಾಚಾ ಡಬ್ಬಿಯ ಹಾಗೇ ದಪ್ ಅನ್ನುತ್ತದೆ.

ಡಬ್ಬಿ ಒಯ್ದು ತೋರಿಸಿದಾಗ ಗೋದಾಮಿನ ಸಾಹೇಬ ತನ್ನ ಕೋಣೆಯ ಬಾಗಿಲು ಹಾಕಿದ. ಮೆಲ್ಲಗೆ ಮಾತಾಡಿದ.

‘ಗುತ್ತಿಗೆದಾರ ನಮ್ಮವನೇ. ಎಲ್ಲಕ್ಕೂ ಸೀಲು ಒತ್ತಿ ಮನೆಗೆ ಹೋಗು.’

‘ಎರಡು ಬೊಟ್ಟಿದೆ, ಸಾಹೇಬ್ರೆ.’

‘ಹೋದ ತಿಂಗಳಿನದರಲ್ಲೂ ಇತ್ತು. ಅದಕ್ಕೆ ಒತ್ತಿದ್ದು ನೀನೇ. ಈಗ ಬಾಯಿ ಬಿಟ್ರೆ ಮೊದಲು ಜೈಲಿಗೆ ಹೋಗೋದು ಏಳನೇ ನಂಬರು.’

ಹೋದ ತಿಂಗಳು... ಕಿವಿಯ ಮೇಲಿನ ಭರವಸೆಯಲ್ಲಿ ಅವನು ಡಬ್ಬಿಯ ತಲೆ ನೋಡಿಯೇ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಅವನ ದುಡಿಮೆಯನ್ನೇ ನಂಬಿದ್ದ ಅಕ್ಕ. ಕಿವಿಯಣ್ಣ ಮುನ್ನೂರು ಸಲ ಸೀಲು ಒತ್ತಿದ. ಒತ್ತುವಾಗ ಜೇಬಿನ ಕಾಗದ ಪರಪರ ಅನ್ನುತ್ತಿತ್ತಂತೆ. ಅಷ್ಟು ನಾಚಿಕೆ ತನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ ಅಂತ ಅವನೇ ನನಗೆ ಹೇಳಿದ್ದ.

ಈಗ ಬಾವಿ.

ವಿಮಾನದ ಭಯಕ್ಕೆ ಊರಲ್ಲಿ ಒಂದು ದೀಪವೂ ಇಲ್ಲ. ಬಾವಿ ಹತ್ತಿರ ಬಂದಾಗ ಕಲ್ಲಿಗೆ ಬೂಟಿನ ಲಾಳ ತಾಗುವ ಸದ್ದು. ಟಕ್... ಸರ್... ಟಕ್. ಕಟ್ಟೆಯ ಮೇಲೆ ಒಬ್ಬ ಸಿಪಾಯಿ ಕಾಲಾಡಿಸುತ್ತಾ ಕೂತಿದ್ದ. ಮುಖ ಕಾಣುತ್ತಿರಲಿಲ್ಲ.

‘ಮನೆಗಾ, ಏಳನೇ ನಂಬರು?’

ಕಿವಿಯಣ್ಣ ಕಣ್ಣು ಕಿರಿದು ಮಾಡಿ ನೋಡಿದ. ‘ಯಾರಪ್ಪಾ ನೀನು?’

‘ಹೋದ ತಿಂಗಳಿನವನು.’ ಅವನು ಅಂಗಿಯ ಗುಂಡಿ ಬಿಚ್ಚಿದ. ‘ಕಡ್ಡಿ ಇದೆಯಲ್ಲ... ತಟ್ಟಿ ನೋಡು.’

ಇಪ್ಪತ್ತು ವರ್ಷದ ಅಭ್ಯಾಸ. ಬೇಡ ಬೇಡ ಅಂದರೂ ಕೈ ತಾನಾಗೇ ಎದ್ದಿತು. ಎದೆಗೂಡಿನ ಮೇಲೆ ಮೆಲ್ಲಗೆ ಒಂದು ಪೆಟ್ಟು.

ಟೊಂಯ್...

ಆ ಸದ್ದು ಬಾವಿಯೊಳಗೆ ಇಳಿದು ಹೋಯಿತು. ತಳ ಮುಟ್ಟಿ ವಾಪಸು ಬಂತು. ಕಿವಿಯಣ್ಣ ತಲೆ ಎತ್ತಿದರೆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ನೀವಾಗಿದ್ದರೆ ಮನೆಗೆ ಓಡುತ್ತಿದ್ದಿರಿ. ನಾನಂತೂ ಓಡುತ್ತಿದ್ದೆ. ಅವನು ಗೋದಾಮಿಗೆ ಓಡಿದ. ಹಮಾಲರು ಕೆಲಸ ಮುಗಿಸಿ ಆಗಷ್ಟೇ ಹೋಗಿದ್ದರು, ಬಾಗಿಲು ಅರ್ಧ ತೆರೆದಿತ್ತು. ನುಸುಳಿದ. ಎರಡು ಬೊಟ್ಟಿನ ಪೆಟ್ಟಿಗೆಗಳಿಗೆಲ್ಲ ಇಂಟು ಹಾಕಿಬಿಡಬೇಕು, ಆಮೇಲೆ ಜೈಲಾದರೂ ಸರಿ. ಆದರೆ ಮುನ್ನೂರಕ್ಕೂ ಮೊಳೆ ಹೊಡೆದಾಗಿತ್ತು. ಯಾವುದು ಅಂತ ತಿಳಿಯುವುದು ಹೇಗೆ? ಎಲ್ಲಕ್ಕೂ ಹಾಕಿದರೆ ಅಷ್ಟು ಜನ ಉಪವಾಸ ಬೀಳುತ್ತಾರೆ.

ಹಾಗೆ ನಿಂತಿರುವಾಗಲೇ ಹಿಂದೆ ಬಾಗಿಲು ಕಿರ್ರೆಂದಿತು. ಚಿಲಕ ಬಿತ್ತು. ಖಣ್. ಕಾವಲುಗಾರ ನೋಡದೆ ಬೀಗ ಹಾಕಿಕೊಂಡು ಹೋಗಿದ್ದ.

ಕೂಗಿದರೆ ಸಾಹೇಬನ ಕೈಗೆ ಸಿಕ್ಕಂತೆ. ಕಿಟಕಿಯಿಲ್ಲ. ಕಣ್ಣಿಗೆ ಕೈ ಹತ್ತಿರ ತಂದರೂ ಕಾಣದ ಕತ್ತಲೆ. ಎರಡೂ ಕಡೆ ಆಳೆತ್ತರಕ್ಕೂ ಮೀರಿದ ಪೆಟ್ಟಿಗೆಯ ಗೋಡೆ, ನಡುವೆ ಅಡ್ಡಡ್ಡ ನಡೆಯುವಷ್ಟೇ ಜಾಗ. ತನ್ನನ್ನೂ ಡಬ್ಬಿಯಲ್ಲಿಟ್ಟು ಬೆಸುಗೆ ಹಾಕಿದ್ದಾರೆ ಅನ್ನಿಸಿತು. ಉಸಿರು ಎಳೆದುಕೊಂಡ.

ಆಗ... ಎಡಗಡೆ, ಮೊಣಕಾಲಿನ ಎತ್ತರದಲ್ಲಿ...

ಟೊಂಯ್.

ಒಳಗಿನಿಂದ. ಯಾರೋ ಒಳಗಿನಿಂದ ತಟ್ಟುತ್ತಿದ್ದರು.

ತಡಕಿ ಆ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಹಲಗೆ ಮೆಲ್ಲಗೆ ನಡುಗುತ್ತಿತ್ತು. ಜೇಬಿನ ಸೀಮೆಸುಣ್ಣ ತೆಗೆದು, ಕುರುಡನ ಹಾಗೆ ಇಂಟು ಎಳೆದ. ಸದ್ದು ನಿಂತಿತು. ತಕ್ಷಣ ಬಲಗಡೆ ಇನ್ನೊಂದು... ಟೊಂಯ್. ಬೆಸುಗೆ ಮುಚ್ಚಿಟ್ಟಿದ್ದ ಸದ್ದನ್ನು ಒಳಗಿದ್ದವರು ಒಂದೊಂದಾಗಿ ಬಿಟ್ಟುಕೊಡುತ್ತಿದ್ದರು. ರಾತ್ರಿಯಿಡೀ ಇದೇ ಆಯಿತು. ಅಳುತ್ತಾ ಗೀಟು ಎಳೆದ. ಕಡೆಗೆ ಒಂದೇ ಒಂದು ಉಳಿಯಿತು, ಮೇಲೆ, ತೊಲೆಗೆ ತಾಗಿದ ಪೆಟ್ಟಿಗೆ. ಕೈಗೆ ಎಟುಕಲಿಲ್ಲ, ಸೀಮೆಸುಣ್ಣವೂ ಉಗುರಿನಷ್ಟಾಗಿತ್ತು. ಬೆಳಗಿನವರೆಗೂ ಅದು ಬಿಡದೆ ತಟ್ಟಿತು. ‘ಬಂದೆ ತಡಿಯಪ್ಪಾ’ ಅಂತ ಪಿಸುಗುಡುತ್ತಾ ಅವನು ಕೆಳಗೆ ಕೂತಿದ್ದ.

ನಾಲ್ಕೂವರೆಗೆ ಬಾಗಿಲು ತೆರೆಯಿತು. ಸಾಹೇಬನ ಜೊತೆ ರೈಲಿನ ಸೈನ್ಯಾಧಿಕಾರಿಯೂ ಇದ್ದ.

‘ಇವನಿಗೆ ತಲೆ ಕೆಟ್ಟಿದೆ, ನೀವು ಏರಿಸಿ’ ಅಂದ ಸಾಹೇಬ.

ಅಧಿಕಾರಿ ಕೆಂಪು ಗುರುತುಗಳನ್ನು ನೋಡಿದ. ‘ಇಂಟು ಇದೆಯಲ್ಲ. ಒಡೀರಿ.’

ಇಂಟು ಹಾಕಿದ್ದು ನಲವತ್ತು ಪೆಟ್ಟಿಗೆ. ನಲವತ್ತರಲ್ಲೂ ಎರಡು ಬೊಟ್ಟಿನ ಡಬ್ಬಿಗಳು. ಕಿವಿಯಣ್ಣ ಮೇಲೆ ಕೈ ತೋರಿಸಿದ, ‘ಅದೂ ಒಂದು.’ ಏಣಿ ಹಾಕಿ ಇಳಿಸಿದರು. ಅದರಲ್ಲೂ ಎರಡು ಬೊಟ್ಟು. ಮಿಕ್ಕವನ್ನೂ ಒಡೆದು ನೋಡಿದರು, ಒಂದರಲ್ಲೂ ಇಲ್ಲ.

ಸಾಹೇಬನೂ ಗುತ್ತಿಗೆದಾರನೂ ಒಳಗೆ ಹೋದರು. ಕಿವಿಯಣ್ಣನೂ ಆರು ತಿಂಗಳು ಹೋದ. ಹೋದ ತಿಂಗಳಿನ ಸೀಲು ತನ್ನದೇ ಅಂತ ಕೇಳುವ ಮೊದಲೇ ಹೇಳಿಬಿಟ್ಟಿದ್ದ.

ಯುದ್ಧ ಮುಗಿದು ಅಕ್ಕನ ಮಗ ಬಂದ ದಿನ ನಾನೂ ಅಲ್ಲಿದ್ದೆ. ಕಿವಿಯಣ್ಣ ಹೊಸಿಲಲ್ಲೇ ಅವನನ್ನು ತಡೆದು, ಎದೆಗೆ ಎರಡು ಬೆರಳಿಂದ ತಟ್ಟಿ, ಕಿವಿಯಿಟ್ಟು ಕೇಳಿದ. ದಪ್. ಆಮೇಲೇ ತಬ್ಬಿಕೊಂಡು ಅತ್ತದ್ದು. ‘ಇದೇನೋ ನಿನ್ನ ಹುಚ್ಚು’ ಅಂದಳು ಅಕ್ಕ.

ಸುಳ್ಳು ಅನ್ನುವವರು ಬೆಳಗಾದ ಮೇಲೆ ನಮ್ಮ ಅಟ್ಟ ಹತ್ತಿ. ತೊಲೆಗೆ ತಾಗಿದ್ದ ಆ ಪೆಟ್ಟಿಗೆಯ ಮುಚ್ಚಳ ಅಲ್ಲಿದೆ, ಅಧಿಕಾರಿಯನ್ನು ಬೇಡಿ ಕಿವಿಯಣ್ಣನೇ ತಂದದ್ದು. ಹೊರಮೈ ಮೇಲೆ ಏಳನೇ ನಂಬರಿನ ಸೀಲಿದೆ. ಮೊಳೆ ಹೊಡೆದು ಮುಚ್ಚಿದ್ದ ಒಳಮೈ ಮೇಲೆ, ಕೆಂಪು ಸೀಮೆಸುಣ್ಣದಲ್ಲಿ ಒಂದು ಇಂಟು ಗುರುತಿದೆ.